ಬೆಕ್ಕಿಗೆ ಗೊಟ್ಟ ಹಾಕಿದ್ದು

ಆ ಮುಂಜಾನೆ ತೆಲುಗು ಸೀಮೆಯ ಮಕ್ತಲ್‌ನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು: ಅವ್ವ, ನಮ್ಮ ಕಾಕಾ, ನನ್ನ ಹೆಂಡತಿ, ನಾನು. ಐದನೆಯದು ಜೋಳದ ಚೀಲಗಳ ಸಂದಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿತ್ತು. ಅವ್ವನ ಬೆಕ್ಕು. ಎರಡು ದಿನದ ಹಿಂದೆ ಬೀದಿನಾಯಿ ಅದರ ಹಿಂಗಾಲಿಗೆ ಬಾಯಿ ಹಾಕಿತ್ತು. ಗಾಯ ಬಾತು ಕೀವು ತುಂಬಿತ್ತು.

ಅಪ್ಪ ಹೋದ ಮೇಲೆ, ಅವ್ವ ಉಣ್ಣುವಾಗ ಎದುರಿಗೆ ಕೂಡುತ್ತಿದ್ದದ್ದು ಅದೊಂದೇ. ನಾವೆಲ್ಲ ಗಡಿಬಿಡಿಯಲ್ಲಿ ಉಂಡು ಏಳುವವರು. ರೊಟ್ಟಿ ಮುರಿದು ಮೊದಲ ತುಂಡು ಅದರ ಮುಂದೆ ಇಟ್ಟೇ ಅವಳು ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಸಂದಿ ಸೇರಿದ ದಿನದಿಂದ ಅವ್ವನ ಗಂಗಾಳದಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. "ಅದಕ್ಕೇನರ ಆದ್ರ ನೋಡು," ಎಂದಷ್ಟೇ ನನಗೆ ಹೇಳಿದ್ದಳು.

ಪಶುಗಳ ದವಾಖಾನೆಗೆ ನಾನು ಹಿಂದಿನ ದಿನವೇ ಹೋಗಿ ಬಂದಿದ್ದೆ. ಬೆಕ್ಕು ಕೈಗೆ ಸಿಗದೆ ಇದ್ದದ್ದರಿಂದ ಹೋಗಿದ್ದು ಬರಿಗೈಯಲ್ಲಿ. ನನ್ನ ಮುಂದೆ ಎರಡು ಎಮ್ಮೆ, ಒಂದು ಹೋತ. ನನ್ನ ಸರದಿ ಬಂದಾಗ ಡಾಕ್ಟರು ನನ್ನ ಕೈ ನೋಡಿದರು, ಬೆನ್ನ ಹಿಂದೆ ನೋಡಿದರು.

"ಪಿಲ್ಲಿ ಏದಿ?" ಎಂದರು ತೆಲುಗಿನಲ್ಲಿ.

"ಬೆಕ್ಕು ಮನ್ಯಾಗ ಐತ್ರಿ ಸಾರ್."

"ಮತ್ತ ನೀವ್ಯಾಕ ಬಂದ್ರಿ?"

ಎಮ್ಮೆ ತಂದವರು ನಕ್ಕರು. ಪಾಪ, ಡಾಕ್ಟರು ಬೈಯಲಿಲ್ಲ. ಗಾಯ ಹೇಗಿದೆ, ತೂಕ ಎಷ್ಟಿರಬಹುದು ಎಂದು ಕೇಳಿ ಸಣ್ಣ ಬಾಟಲಿಯೊಂದನ್ನು ಕೊಟ್ಟರು. ಸೂಜಿಯಿಲ್ಲದ ಸಿರಿಂಜಿನ ಮೇಲೆ ಗೆರೆ ತೋರಿಸಿ, ಮುಂಜಾನೆ ಸಂಜೆ ಇಷ್ಟಿಷ್ಟು ಬಾಯಿಗೆ ಬಿಡಿ, ನಾಳೆ ಹೇಗಾದರೂ ಮಾಡಿ ಅದನ್ನು ತನ್ನಿ ಎಂದರು.

ಹೇಗೆ ಬಿಡಬೇಕು ಎಂದು ನಾನು ಕೇಳಲಿಲ್ಲ. ಕುರಿ ಸಾಕಿದ ಮನೆಯವನು ಹಾಗೆ ಕೇಳುವುದುಂಟೆ? ಕಾಕಾ ಇದ್ದಾರಲ್ಲ. ಕುರಿಗೆ ಔಷಧಿ ಕುಡಿಸುವುದಕ್ಕೆ ನಮ್ಮಲ್ಲಿ ಗೊಟ್ಟ ಹಾಕುವುದು ಎನ್ನುತ್ತಾರೆ. ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಯೇ ಗೊಟ್ಟ. ಕುರಿಯನ್ನು ಮೊಣಕಾಲುಗಳ ನಡುವೆ ಒತ್ತಿ, ಗದ್ದ ಎತ್ತಿ, ಬಾಯಿಯ ಬದಿಯಿಂದ ಗೊಟ್ಟ ತೂರಿಸಿದರೆ ಕೆಲಸ ಮುಗಿಯಿತು. ಕೃಷ್ಣಾ ಹೊಳೆಯ ದಂಡೆಯುದ್ದಕ್ಕೂ ಹಿಂಡು ಹೊಡೆದುಕೊಂಡು ತಿರುಗಿದ ಕಾಕಾ ಗೊಟ್ಟ ಹಾಕಿದ ಕುರಿಗಳಿಗೆ ಲೆಕ್ಕವಿಲ್ಲ.

"ಇಷ್ಟ ಜೀವಕ್ಕ ಇಷ್ಟ ಮಂದಿ ಯಾಕ ನಿಂತೀರಿ?" ಎಂದರು ಕಾಕಾ. "ಟಗರನ್ನ ಒಂದ ಮೊಣಕಾಲಾಗ ಹಿಡದಾಂವ ನಾ."

"ಅದು ಟಗರಲ್ಲ ತಮ್ಮಾ. ಜರಾ ಮೆಲ್ಲಕ," ಎಂದಳು ಅವ್ವ.

"ಟಗರಿನ ಕಿವಿಯಷ್ಟೂ ಇಲ್ಲ ಬಿಡು ಅತ್ತಿಗಿ. ಫಿಕರ್ ಮಾಡಬ್ಯಾಡ."

ಚೀಲ ಸರಿಸಿ ಹಿಡಿದು ತಂದ ಬೆಕ್ಕು ಅವರ ಮೊಣಕಾಲ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಗದ್ದ ಎತ್ತುತ್ತಲೇ ಅದು ನೀರಿನಂತೆ ಜಾರಿ ಹೊರಬಂತು. ಹೋಗುವಾಗ ಕಾಕಾರ ಮುಂಗೈ ಮೇಲೆ ನಾಲ್ಕು ಗೆರೆ ಎಳೆದು ಹೋಯಿತು.

"ಕಾಕಾ, ಔಷಧ ನಿಮ್ಮ ಮೀಸಿ ಕುಡೀತ್ರಿ," ಎಂದಳು ನನ್ನ ಹೆಂಡತಿ.

ಎರಡನೇ ಸಲ ಎರಡು ಹನಿ ಒಳಗೆ ಹೋಯಿತು. ಕೂಡಲೇ ಬೆಕ್ಕಿನ ಬಾಯಿಂದ ಸಾಬೂನಿನ ಬುರುಗಿನಂಥ ನೊರೆ. ಕಹಿಗೆ ಹಾಗಾಗುತ್ತದೆಂದು ನಮಗೆ ಗೊತ್ತಿರಲಿಲ್ಲ. "ಸಾಯಾಕತ್ತೈತಿ, ಬಿಡೋ!" ಎಂದು ಅವ್ವ ಕೂಗಿದಳು. ಹಾಲಿನಲ್ಲಿ ಕಲಸಿಟ್ಟೆವು; ಮೂಸಿ ನೋಡಿ ಮುಖ ತಿರುಗಿಸಿತು. ಮೀನಿನ ತುಂಡಿಗೆ ಸವರಿಟ್ಟೆವು. ಸವರದ ಮಗ್ಗುಲನ್ನಷ್ಟೇ ತಿಂದಿತು.

"ಬಾಯಿಗೆ ಬ್ಯಾಡಂದ್ರ ಬ್ಯಾಡ," ಎಂದರು ಕಾಕಾ. "ಗಾಯಕ್ಕ ಹಚ್ಚೋಣು. ಹುಳ ಬಿದ್ರ ಮುಂದ ಯಾವ ಔಷಧಾನೂ ನಡೆಂಗಿಲ್ಲ."

ಕುರಿಯ ಗಾಯಕ್ಕೆ ಹುಳ ಬೀಳದಂತೆ ಅವರು ಫಿನಾಯಿಲ್ ಹಚ್ಚುತ್ತಿದ್ದರು, ಅದರ ಮೇಲೆ ಮೈಲಾರನ ಭಂಡಾರ. ಅದನ್ನೇ ಮಾಡಿದರು. ಅವ್ವ ಸೆರಗಿನಿಂದ ಬೆಕ್ಕಿನ ಕಣ್ಣು ಮುಚ್ಚಿ ತಲೆ ಸವರುತ್ತಿದ್ದಳು. ದಣಿದಿತ್ತೋ ಏನೋ, ಅದು ಮಿಸುಕಲಿಲ್ಲ. ಅರಿಶಿನದ ಪುಡಿ ಮೆತ್ತಿಕೊಂಡ ಕಾಲು ನೋಡಿ ನಮಗೆಲ್ಲ ನಿರಾಳವಾಯಿತು. ದವಾಖಾನೆಗೆ ಒಯ್ಯುವ ಮಾತು ಮರೆತು ಚಹಾ ಕುಡಿದೆವು. ನಾವು ಕುಡಿಯುತ್ತಿದ್ದಾಗಲೇ ಬೆಕ್ಕು ಕಾಲು ಚಾಚಿ ಗಾಯ ನೆಕ್ಕತೊಡಗಿತು.

"ನೋಡ್ರಿ, ತನ್ನ ಉಪಚಾರ ತಾನ ಮಾಡ್ಕೊಳ್ಳಾಕತ್ತೈತಿ," ಎಂದೆ ನಾನು. ಹಾಗೆ ಅಂದವನು ನಾನೇ. ಕುರಿಯ ಮೈಗೆ ಹಚ್ಚಿದ್ದು ಮೈಮೇಲೆ ಉಳಿಯುತ್ತದೆ. ಬೆಕ್ಕಿನ ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಇಷ್ಟು ಸಣ್ಣ ಮಾತು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದರ ಜೊಲ್ಲು ನಿಲ್ಲದಾಯಿತು, ಮೈ ನಡುಗತೊಡಗಿತು. ಗದ್ವಾಲದಲ್ಲಿ ಔಷಧಿ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ.

"ಫಿನಾಯಿಲಾ? ಬೆಕ್ಕಿಗಾ?" ಎಂದು ಅವನು ಚೀರಿದ. "ಮಾಮಾ, ಅದು ವಿಷ ರೀ ಬೆಕ್ಕಿಗೆ! ಮೊದ್ಲು ಸಾಬೂನು ಹಚ್ಚಿ ತೊಳೀರಿ, ಹಂಗ ದವಾಖಾನಿಗೆ ಓಡ್ರಿ."

ಬಚ್ಚಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ತೊಳೆದೆವು. ಬೆಳಿಗ್ಗೆ ನಾಲ್ಕು ಜನಕ್ಕೆ ಬಗ್ಗದ ಬೆಕ್ಕು ಈಗ ನನ್ನ ಒಂದೇ ಅಂಗೈ ಮೇಲೆ ಮಲಗಿತ್ತು. ಹಿಡಿದಲ್ಲಿ ಹಿಡಿಸಿಕೊಂಡಿತು, ತಿರುಗಿಸಿದತ್ತ ತಿರುಗಿತು. ಬಾಯಿ ತೆರೆದರೆ ತೆರೆಯಿತು.

"ಯಾಕೋ ಗೀರವಲ್ದಲ್ರಿ," ಎಂದಳು ನನ್ನ ಹೆಂಡತಿ ಮೆಲ್ಲಗೆ.

ಅವ್ವ ತನ್ನ ಕೈಯನ್ನು ಅದರ ಪಂಜದ ಕೆಳಗೆ ಒಡ್ಡಿದಳು. "ಗೀರವ್ವಾ. ಒಮ್ಮೆ ಗೀರು ನನ್ನವ್ವಾ," ಎಂದಳು. ಉಗುರು ಹೊರಬರಲಿಲ್ಲ.

ಈ ಸಲ ಬೆಕ್ಕನ್ನು ಹೊತ್ತುಕೊಂಡೇ ದವಾಖಾನೆಗೆ ಹೋದೆವು. ಡಾಕ್ಟರು ಚರ್ಮದಡಿ ನೀರು ಏರಿಸಿದರು, ಇಂಜೆಕ್ಷನ್ ಕೊಟ್ಟರು. ಏನು ಹಚ್ಚಿದಿರಿ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಕಾಕಾ ತಾವೇ ಮುಂದೆ ಬಂದು ಹೇಳಿದರು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಹೊತ್ತು ಏರುವ ಮುನ್ನ ಅವ್ವನ ತೊಡೆಯ ಮೇಲೆ ಅದರ ಉಸಿರು ನಿಂತಿತು.

ಒಂದು ವಾರ ಕಳೆದ ಮೇಲೆ ಕಾಕಾ ಯಾರಿಗೂ ಹೇಳದೆ ಒಬ್ಬರೇ ದವಾಖಾನೆಗೆ ಹೋಗಿ, ಎಮ್ಮೆಯವರ ಸಾಲಿನಲ್ಲಿ ನಿಂತು, ಬೆಕ್ಕಿಗೆ ಔಷಧಿ ಹೇಗೆ ಕುಡಿಸುವುದೆಂದು ಕೇಳಿಕೊಂಡು ಬಂದರು. ಬಂದವರೇ ಅವ್ವನ ಮುಂದೆ ಕೂತು ಹೆಗಲ ಮೇಲಿನ ವಲ್ಲಿಬಟ್ಟೆ ಹಾಸಿದರು.

"ಹಿಂಗ ಕುತ್ತಿಗಿತನಕ ಸುತ್ತಬೇಕಂತ ಅತ್ತಿಗಿ. ಗದ್ದ ಎತ್ತಬಾರದಂತ. ಬಾಯಿ ಮೂಲ್ಯಾಗ ಒಂದ ಹನಿ ಬಿಡಬೇಕು, ನುಂಗೂತನಕ ಕಾಯಬೇಕು. ಆಮ್ಯಾಗ ಇನ್ನೊಂದ ಹನಿ."

ಬರಿಯ ವಲ್ಲಿಯನ್ನು ಸುತ್ತಿ, ಕಂಕುಳಲ್ಲಿ ಹಿಡಿದು, ಬೆರಳಿನಿಂದ ತೋರಿಸಿದರು. ಅವ್ವ ಕೊನೆಯವರೆಗೂ ನೋಡಿದಳು. ಆಮೇಲೆ ಅವರ ಕಂಕುಳಿಂದ ಆ ವಲ್ಲಿ ತೆಗೆದುಕೊಂಡು, ಬಿಡಿಸಿ ಕೊಡವಿ, ಮಡಚಿ ಅವರ ಕೈಗೆ ಕೊಟ್ಟಳು.