ಕಿಟಕಿಯ ಕೆಳಗಿನ ಶಾಲೆ

೧೯೩೮ರಲ್ಲಿ ನಾನು ಹಿರೇಕೆರೂರು ಭಾಗದ ಪ್ರಾಥಮಿಕ ಶಾಲೆಗಳ ಇನ್ಸ್‌ಪೆಕ್ಟರನಾಗಿದ್ದೆ. ಮಾಸೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯನ್ನು ಮಕ್ಕಳು ಸಾಲದೆಂದು ಸ್ಕೂಲ್ ಬೋರ್ಡು ಮುಚ್ಚಿತ್ತು. ಅಲ್ಲಿನ ಕರಿಹಲಗೆ, ಕುರ್ಚಿ, ನಕಾಶೆಗಳನ್ನು ಹೇರಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದೆಂದು ಗಾಡಿ ಹೂಡಿಸಿಕೊಂಡು ಹೊರಟೆ.

ಶಾಲೆಗೆ ಬೀಗ ಹಾಕಿತ್ತು. ಹಿಂಬದಿಗೆ ಹೋದವನು ಗಕ್ಕನೆ ನಿಂತುಬಿಟ್ಟೆ. ಮುಚ್ಚಿದ ಕಿಟಕಿಯ ಕೆಳಗೆ ಏಳೆಂಟು ಮಕ್ಕಳು ಸಾಲಾಗಿ ಕುಳಿತು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದರು. ಮಾಸ್ತರರಿಲ್ಲ, ಪಾಠವೂ ಇಲ್ಲ. ಊರ ಹೊರಗಿನ ಕೇರಿಯ ಮಕ್ಕಳವು. ಮುಟ್ಟಬಾರದವರೆಂದು ಅವರನ್ನು ಮೊದಲೆಲ್ಲ ಅಲ್ಲಿಯೇ ಕೂರಿಸಿ, ಒಳಗಿನಿಂದಲೇ ಪಾಠ ಹೇಳುತ್ತಿದ್ದರಂತೆ.

ಕೀಲಿ ತಂದ ಊರ ಗೌಡರನ್ನು ಕೇಳಿದೆ: "ಇಷ್ಟು ಮಕ್ಕಳಿದ್ದೂ ಸಾಲಿ ಯಾಕ ಮುಚ್ಚಿತ್ರಿ?"

"ಎಲ್ಲಾರನ್ನೂ ಒಳಗ ಕುಂಡ್ರಸಬೇಕಂತ ನಿಮ್ಮ ಕಡೆಯಿಂದನ ಹುಕುಂ ಬಂತಲ್ರೀ, ಸಾಹೇಬ್ರ. ಮಾಸ್ತರು ಕುಂಡ್ರಿಸಿದ್ರು. ಮರುದಿನಾನ ನಮ್ಮ ಹುಡುಗರನ್ನ ನಾವು ಬಿಡಿಸಿದಿವಿ. ಈಗ ಮಾಸೂರ ಸಾಲಿಗೆ ಹೋಗ್ತಾವ."

ಮಳೆ ಬೆಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ನನ್ನ ಜೇಬಿನಲ್ಲಿದ್ದ ಆದೇಶದಲ್ಲಿ ಇದರ ಸೊಲ್ಲೇ ಇರಲಿಲ್ಲ. 'ಮಕ್ಕಳ ಕೊರತೆ' ಎಂದಷ್ಟೇ ಇತ್ತು. ಹಾಗಾದರೆ ಈ ಮಕ್ಕಳು ಯಾವ ಲೆಕ್ಕಕ್ಕೂ ಇಲ್ಲವೇ?

ಬೀಗ ತೆಗೆಸಿ ಮಕ್ಕಳನ್ನು ಒಳಗೆ ಕರೆದೆ. ಯಾರೂ ಏಳಲಿಲ್ಲ. ಎರಡು ಸಲ ಕರೆದ ಮೇಲೆ ಅವರಲ್ಲಿ ದೊಡ್ಡವಳಾದ ದುರ್ಗವ್ವ ಎಂಬ ಹುಡುಗಿ ಪಾಟಿಯನ್ನು ಎದೆಗವಚಿಕೊಂಡು ನಿಂತಳು.

"ಒಳಗ ಬ್ಯಾಡ್ರೀ, ಸಾಹೇಬ್ರ. ನಾವು ಒಳಗ ಕುಂತಿದ್ದಕ್ಕ ಸಾಲಿ ಮುಚ್ಚಿದ್ರಂತ. ಇನ್ನ ಹೊರಗ ಕುಂಡ್ರತೇವ್ರಿ. ಕಿಡಕಿ ಒಂದು ತಗೀರಿ, ಸಾಕು."

ತಪ್ಪು ತಮ್ಮದೇ ಎಂದು ಆ ಮಕ್ಕಳು ನಂಬಿಬಿಟ್ಟಿದ್ದರು.

ಸಾಮಾನನ್ನು ಅಲ್ಲೇ ಬಿಟ್ಟು ಖಾಲಿ ಗಾಡಿಯಲ್ಲಿ ಹಿಂತಿರುಗಿದೆ. ನಡೆದದ್ದನ್ನೆಲ್ಲ ಬರೆದು, ಈ ಮಕ್ಕಳಿಗಾಗಿಯೇ ಶಾಲೆ ತೆರೆಯಬೇಕೆಂದು ಬೋರ್ಡನ್ನು ಕೇಳಿದೆ. ಉತ್ತರವಾಗಿ ಬಂದದ್ದು ಒಂದೇ ಪ್ರಶ್ನೆ: ಕರಿಹಲಗೆ ಏಕೆ ತರಲಿಲ್ಲ? ಸ್ವಲ್ಪ ದಿನಕ್ಕೆ ನನ್ನನ್ನು ಶಿಗ್ಗಾವಿಗೆ ವರ್ಗ ಮಾಡಿದರು. ನನಗೆ ತಿಳಿದಮಟ್ಟಿಗೆ ಆ ಕಿಟಕಿ ಮತ್ತೆ ತೆರೆಯಲಿಲ್ಲ.

ಶಾಲೆಯ ತಪಾಸಣೆ ಎಲ್ಲಿಂದ ಶುರುವಾಗಬೇಕೆಂದು ನನಗೆ ಕಲಿಸಿದವಳು ದುರ್ಗವ್ವ. ಆಮೇಲೆ ಯಾವ ಊರಿಗೆ ಹೋದರೂ ನಾನು ಮೊದಲು ಬಾಗಿಲಿಗೆ ಹೋಗುತ್ತಿರಲಿಲ್ಲ. ಕಟ್ಟಡವನ್ನು ಒಂದು ಸುತ್ತು ಹಾಕಿ ಕಿಟಕಿಗಳ ಕೆಳಗೆ ನೋಡುತ್ತಿದ್ದೆ. ಅಲ್ಲಿ ಬಹಳ ಸಲ ಮಕ್ಕಳು ಕುಳಿತಿರುತ್ತಿದ್ದರು.