ಮಲತಾಯಿ ರಾಣಿಯೂ ಹಿಂದಿ ಮೇಷ್ಟ್ರೂ

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದ ನನಗೆ, ಯಾರಾದರೂ ಹಿಂದಿಯಲ್ಲಿ ಮಾತಾಡಿದರೆ ಅರ್ಥವಾಗುತ್ತಿರಲಿಲ್ಲ. ಓದಿದರೆ ಆಗುತ್ತಿತ್ತು. ಚಾಮರಾಜನಗರದಲ್ಲಿ ಸಂಜೆ ತರಗತಿಗೆ ಹೋಗಿ, ಗೈಡು ಉರು ಹೊಡೆದು, ಒಂದಾದ ಮೇಲೊಂದು ಪರೀಕ್ಷೆ ಪಾಸು ಮಾಡಿದವನು ನಾನು. ಶಾಲೆಯಲ್ಲಿ ಪಾಠ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರ ಬರೆಸಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಆದರೆ ಊಟಿ ರಸ್ತೆಯಲ್ಲಿ ಉತ್ತರದ ಕಡೆಯ ಲಾರಿಯೊಂದು ನಿಂತು, ಡ್ರೈವರ್ ದಾರಿ ಕೇಳಲು ಕತ್ತು ಹೊರಗೆ ಹಾಕಿದರೆ ಸಾಕು, ನಾನು ಚಪ್ಪಲಿಯ ಬಾರು ಸರಿಮಾಡಲು ಬಗ್ಗಿಬಿಡುತ್ತಿದ್ದೆ. ಈ ವಿಷಯ ಊರಿಗೆ ಗೊತ್ತಾದ ದಿನ ನನ್ನ ಗತಿಯೇನು ಎಂದು ಯೋಚಿಸಿ ಯೋಚಿಸಿಯೇ ನಲವತ್ತಕ್ಕೆ ಮುಂಚೆ ತಲೆ ಬೆಳ್ಳಗಾಯಿತು.

ಅಂಥವನ ಪಾಲಿಗೆ ಶನಿಯಾಗಿ ಬಂದದ್ದು ಒಂದು ಧಾರಾವಾಹಿ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಹಿಂದಿ ಚಾನೆಲ್ಲಿನಲ್ಲಿ ಮಾಯಾಮಂತ್ರದ ಕತೆ ಬರುತ್ತಿತ್ತು. ಡಬ್ಬಿಂಗ್ ಇಲ್ಲದ ಕಾಲ. ಕತೆ ಬೇಕಿದ್ದವರು ಹಿಂದಿಯಲ್ಲೇ ನೋಡಬೇಕು. ನಮ್ಮ ಬೀದಿಯವರು ನೋಡುತ್ತಿದ್ದದ್ದು ನನ್ನ ಬಾಡಿಗೆ ಮನೆಯ ಎದುರಿನ ಟೈಲರ್ ಅಂಗಡಿಯಲ್ಲಿ. ಟೈಲರ್ ಸಾಹೇಬರ ಮನೆಮಾತು ಉರ್ದು. ಅವರು ಕೊರಳಲ್ಲಿ ಟೇಪು ಹಾಕಿಕೊಂಡು, ಜಾಹೀರಾತು ಬಂದಾಗಲೆಲ್ಲ ಮೆಷಿನ್ ನಿಲ್ಲಿಸಿ, ಅಷ್ಟುಹೊತ್ತು ಯಾರು ಯಾರಿಗೆ ಏನಂದರು ಎಂದು ಕನ್ನಡದಲ್ಲಿ ಹೇಳುತ್ತಿದ್ದರು.

ಕತೆ ಸರಳ. ಮಂತ್ರವಾದಿ ಮಂತ್ರಿಯೊಬ್ಬ ರಾಜನನ್ನು ಕಲ್ಲಾಗಿಸುತ್ತಾನೆ. ರಾಜನ ಎರಡನೆಯ ಹೆಂಡತಿ, ಮೊದಲನೆಯವಳ ಹತ್ತು ವರ್ಷದ ಮಗನನ್ನು ರಾತ್ರೋರಾತ್ರಿ ಕಾಡಿಗೆ ಕಳಿಸುತ್ತಾಳೆ. ಮಂತ್ರಿಯ ಕೈಗೆ ಸಿಗದಿರಲಿ ಎಂದು ಕಳಿಸಿದಳೋ, ಪೀಡೆ ತೊಲಗಲಿ ಎಂದು ಕಳಿಸಿದಳೋ? ಇದರ ಮೇಲೆ ನಮ್ಮ ಬೀದಿ ಒಡೆದು ಎರಡಾಯಿತು. ಉಳಿಸಲು ಎಂಬ ಪಕ್ಷಕ್ಕೆ ಸಾಹೇಬರೇ ಮುಖಂಡರು. ಎದುರುಪಕ್ಷಕ್ಕೆ, ಬಂಡೀಪುರದ ಕಾಡು ಕಾಯುತ್ತಿದ್ದ ನಮ್ಮದೇ ಬೀದಿಯ ಒಬ್ಬ ಫಾರೆಸ್ಟ್ ವಾಚರ್. ಭಾನುವಾರ ಅವನಿಗೆ ರಜೆ. ಅವನ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು.

"ಕತ್ಲಲ್ಲಿ ಮಗೀನ ಕಾಡ್ಗೆ ಅಟ್ಟೋಳು ತಾಯೇನ್ರೀ?" ಎನ್ನುತ್ತಿದ್ದ ವಾಚರ್. "ಕಾಡು ಅಂದ್ರೆ ಏನು ಅಂತ ನಂಗೊತ್ತು. ಆ ಉಲಿ ನೋಡಿ, ಗರ್ಜನೆ ಮಾಡ್ಕಂಡು ಮೇಲ್ ಬೀಳ್ತದಂತೆ! ಯಾವ್ ಉಲಿ ಯೋಳ್ಬುಟ್ಟು ಬತ್ತದೆ?"

"ಹುಲಿ ಬಿಡಪ್ಪ. ಅವಳು ಅಳ್ತಾ ಕಳಿಸಿದ್ದು ನೋಡಲಿಲ್ವಾ?"

"ಅತ್ಲು ಅಂತ ನೀವ್ ಯೋಳ್ತೀರ. ಏನಂತ ಅತ್ಲು ಅಂತ್ಲೂ ನೀವೇ ಯೋಳ್ತೀರ. ಸಾಯೇಬ್ರು ರಾಣಿ ಕಡೆ ಸೇರ್ಕಂಡು ಕತೆ ತಿರುಗಿಸ್ತಾವ್ರೆ ಕಣ್ಲಾ!" ಎಂದು ಬೆಂಚಿನ ಮೇಲಿದ್ದವರತ್ತ ತಿರುಗಿದ. ನಾಲ್ಕು ಜನ ನಕ್ಕರು. ಸಾಹೇಬರು ನಗಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಮುಂದಿನ ವಾರ ವಾಚರ್ ನೇರವಾಗಿ ನನ್ನ ಬಾಗಿಲಿಗೆ ಬಂದ. "ನೀವಿಲ್ಲೇ ಇದ್ದೂ ನಾವ್ ಯಾಕ್ ಅವ್ರ್ ಬಾಯ್ ನೋಡ್ಬೇಕು? ಬನ್ನಿ ಮೇಷ್ಟ್ರೇ, ತೀರ್ಪು ಯೋಳಿ." ತಲೆನೋವು ಎಂದೆ. ಪೇಪರ್ ತಿದ್ದಬೇಕು ಎಂದೆ. ಒಳಗಿಂದ ಹೆಂಡತಿ, "ಹೋಗ್ಬನ್ನಿ, ಪೇಪರ್ ನೆನ್ನೇನೇ ಮುಗೀತಲ್ಲ," ಎಂದಳು.

ಹೋಗಿ ಕೂತೆ. ಅವತ್ತೇ ಆ ದೃಶ್ಯ ಬರಬೇಕೆ! ರಾಣಿ ಗುಹೆಯೊಳಗೆ ಕಲ್ಲಾದ ಗಂಡನ ಮುಂದೆ ನಿಂತು ಸುಮಾರು ಐದು ನಿಮಿಷ ಮಾತಾಡಿದಳು. ಹಿನ್ನೆಲೆಯಲ್ಲಿ ಗುಡುಗು, ಶಂಖ, ನಗಾರಿ. ನನಗೆ 'ರಾತ್ರಿ', 'ಪುತ್ರ' ಇಷ್ಟು ದಕ್ಕಿತು; ಅವು ಯಾರಿಗೆ ತಾನೆ ದಕ್ಕುವುದಿಲ್ಲ? ಜಾಹೀರಾತು ಬಂತು. ಎಲ್ಲರೂ ನನ್ನ ಮುಖ ನೋಡಿದರು.

"ಏನಂದ್ಲು ಮೇಷ್ಟ್ರೇ?"

ಅವಳ ಹುಬ್ಬು ಗಂಟಿಕ್ಕಿತ್ತು, ನಗಾರಿ ಜೋರಾಗಿತ್ತು. ನನ್ನ ಬಳಿ ಇದ್ದ ಸಾಕ್ಷ್ಯ ಇಷ್ಟೇ. "ತಪ್ಪೊಪ್ಪಿಕೊಂಡಳು," ಎಂದೆ. "ಹೊಟ್ಟೆಕಿಚ್ಚಿಗೆ ಕಳಿಸಿದೆ ಅಂತ."

ವಾಚರ್ ಬೆಂಚು ಗುದ್ದಿದ. "ಯೋಳ್ಲಿಲ್ವಾ ನಾನು!" ಸಾಹೇಬರು ನನ್ನನ್ನು ನೋಡಿದರು. ಇವನಿಗೆ ಹಿಂದಿ ಬರುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಗೊತ್ತಾಗಿದ್ದು ನನಗೂ ಗೊತ್ತಾಯಿತು. ಇನ್ನೇನು ಬಾಯಿ ಬಿಟ್ಟರು ಎಂದುಕೊಂಡೆ.

"ಮೇಷ್ಟ್ರು ಹೇಳಿದ ಮೇಲೆ ಆಯ್ತು," ಎಂದು ಅವರು ಮೆಷಿನ್ ತುಳಿಯತೊಡಗಿದರು.

ಅದರ ಮುಂದಿನ ಕಂತಿನಲ್ಲಿ ಹೊಟ್ಟೆಕಿಚ್ಚಿನ ರಾಣಿ, ಮಲಮಗನನ್ನು ಬದುಕಿಸಲು ತನ್ನ ಎರಡೂ ಕಣ್ಣು ಕಿತ್ತು ಮಂತ್ರಿಗೆ ಕೊಟ್ಟಳು! ಕತೆ ಬರೆದವನಿಗೆ ನನ್ನ ಮೇಲೆ ಏನು ಹಗೆಯಿತ್ತೋ. ವಾಚರ್ ತಲೆ ಕೆರೆದುಕೊಂಡ. "ಇದೇನ್ ಮೇಷ್ಟ್ರೇ, ಆಗ್ದಿದ್ದೋಳು ಕಣ್ಣು ಕೊಟ್ಲು?" ಆಗ ಸಾಹೇಬರೇ, "ಆಮೇಲೆ ಮನಸ್ಸು ತಿರುಗಿತಲ್ಲಪ್ಪ. ಮಧ್ಯದಲ್ಲಿ ಹಾಗಂದಳು, ನೀನು ಬೀಡಿ ಸೇದೋಕೆ ಹೋಗಿದ್ದೆ," ಎಂದರು. ಕತೆ ತಿರುಗಿಸುತ್ತಾರೆ ಎಂಬ ಮಾತು ಕೇಳಿಸಿಕೊಂಡಿದ್ದ ಮನುಷ್ಯ, ನಿಜವಾಗಿ ಕತೆ ತಿರುಗಿಸಿದ್ದು ಅದೊಂದೇ ಸಲ, ಅದೂ ನನ್ನ ಸಲುವಾಗಿ.

ಎಲ್ಲರೂ ಹೋದ ಮೇಲೆ ಹೊಲಿಸುವ ನೆಪದಲ್ಲಿ ಒಂದು ಪ್ಯಾಂಟ್ ಪೀಸ್ ಹಿಡಿದು ಹೋದೆ. ಸಾಹೇಬರು ಸೊಂಟದ ಅಳತೆ ತೆಗೆಯುತ್ತ, "ನನ್ನ ಸಾಕಿದ್ದೂ ಮಲತಾಯೀನೇ ಸಾರ್," ಎಂದರು. "ಅದಕ್ಕೇ ರಾಣಿ ಪರವಾಗಿ ವಾದ ಸ್ವಲ್ಪ ಜೋರು ಮಾಡ್ತಿದ್ದೆ. ಕತೆ ಮಾತ್ರ ಇದ್ದ ಹಾಗೇ ಹೇಳಿದ್ದೆ." ಬೇರೇನೂ ಅನ್ನಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ವಾರವಿಡೀ ನಿದ್ದೆಯಿಲ್ಲ. ನನ್ನ ಮಾನಕ್ಕಾಗಿ ಒಬ್ಬ ಸತ್ಯವಂತನನ್ನು ಸುಳ್ಳನಾಗಿಸಿದ್ದೆ. ಒಪ್ಪಿಕೊಳ್ಳೋಣ ಎಂದರೆ ಹೆಡ್ಮಾಸ್ಟರರ ಮುಖ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಭಾನುವಾರ, ತಣ್ಣೀರಿಗೆ ಧುಮುಕುವವನ ಹಾಗೆ ಕಣ್ಣು ಮುಚ್ಚಿ ಎಲ್ಲರೆದುರು ಹೇಳಿಬಿಟ್ಟೆ: "ನೋಡಿ, ಅವತ್ತು ನನಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಟಿ.ವಿ. ಹಿಂದಿ ನನಗೆ ತಿಳಿಯೋದಿಲ್ಲ. ಸಾಹೇಬ್ರು ಮೊದಲಿಂದ ಹೇಳ್ತಿರೋದೇ ನಿಜ."

ವಾಚರ್ ನನ್ನನ್ನೂ ಸಾಹೇಬರನ್ನೂ ಒಟ್ಟಿಗೆ ನೋಡಿದ.

"ಓಹೋ, ನೀವೂ ರಾಣಿ ಕಡೆ ಸೇರ್ಕಂಡ್ರಾ?"

"ಅಯ್ಯೋ, ನನಗೆ ಹಿಂದಿ ಬರಲ್ಲ ಮಾರಾಯ!"

"ಬುಡಿ ಬುಡಿ. ಇಂದಿ ಮೇಷ್ಟ್ರಿಗೆ ಇಂದಿ ಬರಲ್ವಂತೆ! ಕೇಳ್ದ್ರೇನ್ಲಾ? ಸಾಯೇಬ್ರು ಇವ್ರಿಗೂ ಟೀ ಕುಡ್ಸವ್ರೆ."

ಇಷ್ಟು ವರ್ಷ ಬಚ್ಚಿಟ್ಟ ಗುಟ್ಟನ್ನು ಬೀದಿಯಲ್ಲಿ ಬಿಚ್ಚಿಟ್ಟರೆ ಒಬ್ಬನೂ ನಂಬಲಿಲ್ಲ. ವಾಚರ್ ಕೋಪ ಮಾಡಿಕೊಂಡು ಎದ್ದುಹೋದ. ಆಮೇಲೆ ಅವನು ಟಿ.ವಿ. ನೋಡುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಆದರೆ ಕತೆ ತಿಳಿಯಬೇಕಲ್ಲ? ಸೋಮವಾರ ಬಂಡೀಪುರದ ಬಸ್ಸಿಗೆ ಕಾಯುತ್ತ, ಶಾಲೆಗೆ ಹೊರಟ ನನ್ನನ್ನು ಹಿಡಿಯುತ್ತಿದ್ದ. "ಸಾಯೇಬ್ರಿಲ್ಲ ಇಲ್ಲಿ. ಈಗ ನಿಜ ಯೋಳಿ, ನೆನ್ನೆ ಏನಾಯ್ತು?" ನಾನು ಅಷ್ಟು ಹೊತ್ತಿಗಾಗಲೇ ಸಾಹೇಬರ ಅಂಗಡಿಗೆ ಹೋಗಿ ಕೇಳಿಕೊಂಡು ಬಂದಿರುತ್ತಿದ್ದೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದೆ. ಇದು ಸಾಹೇಬರ ಮಾತು ಎಂದರೆ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಎರಡು ವಾರವಾದ ಮೇಲೆ ಅದನ್ನು ಹೇಳುವುದನ್ನೂ ಬಿಟ್ಟೆ.

ಕೊನೆಯ ಕಂತಿನಲ್ಲಿ ರಾಜ ಮತ್ತೆ ಮನುಷ್ಯನಾದ, ಕುರುಡು ರಾಣಿ ಮಲಮಗನ ತೊಡೆಯ ಮೇಲೆ ಸತ್ತಳು. ಸೋಮವಾರ ಅವಳ ಕೊನೆಯ ಮಾತುಗಳನ್ನು ಹೇಳಿದೆ. ವಾಚರ್ ಟವೆಲಿನಿಂದ ಮುಖ ಒರೆಸಿಕೊಂಡ.

"ಒಳ್ಳೇವ್ಳು ಕಣ್ ಮೇಷ್ಟ್ರೇ, ಪಾಪ. ಆ ಸಾಯೇಬ್ರು ಏನೇನೋ ಯೋಳಿ, ಅವ್ಳ ಮೇಲೆ ಅನ್ಮಾನ ಬರಂಗೆ ಮಾಡ್ಬುಟ್ರು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬಸ್ಸು ಬಂತು.

ಸಂಜೆ ಸಾಹೇಬರಿಗೆ ಹೇಳಿದೆ. ಅವರ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಒಂದೊಂದಾಗಿ ತೆಗೆದಿಟ್ಟು ಕೇಳಿದರು, "ಅಂದ್ರೆ ರಾಣಿ ಒಳ್ಳೇವಳು ಅಂತ ಒಪ್ಪಿದನಾ?"

"ಒಪ್ಪಿದ. ಆದ್ರೆ ನಿಮ್ಮನ್ನ..."

"ಒಪ್ಪಿದನಲ್ಲ, ಸಾಕು ಬಿಡಿ ಸಾರ್," ಎಂದು ನನ್ನ ಪ್ಯಾಂಟನ್ನು ಕೊಡವಿ ಕೈಗೆ ಕೊಟ್ಟರು. ಬೇಡದಿದ್ದರೂ ಹೊಲಿಸಿದ ಪ್ಯಾಂಟು; ಅಳತೆ ಸರಿಯಾಗಿತ್ತು. ಅದನ್ನು ಹಾಕಿಕೊಂಡಾಗಲೆಲ್ಲ ವಾಚರ್ ಮೇಲೆ ಸಿಟ್ಟು ಬರುತ್ತಿತ್ತು. ಸಾಹೇಬರು ಸುಳ್ಳರೆಂದು ಅವನನ್ನು ನಂಬಿಸಿದವನು ನಾನೇ ಎಂದು ನೆನಪಾಗಿ ಆ ಸಿಟ್ಟೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.