ಎರಡನೇ ಮಚ್ಚೆ

ಡಿಗ್ರಿ ಇಲ್ದೆ ಪ್ರಮೋಷನ್ ಇಲ್ಲ ಅಂತ ಆಫೀಸಲ್ಲಿ ಹೇಳಿದ್ರು. ಅರ್ಧ ತಲೆ ಬೆಳ್ಳಗಾಗಿದ್ರೂ ಸಂಜೆ ಕೋರ್ಸಿಗೆ ಅರ್ಜಿ ಹಾಕಿದೆ. ಯೂನಿವರ್ಸಿಟಿಯಿಂದ ಫೋನ್ ಬಂತು. "ಇನ್ನೊಂದು ಮಾಹಿತಿ ಬೇಕು. ಇವತ್ತೇ ಬನ್ನಿ, ಇಲ್ಲಾಂದ್ರೆ ಅರ್ಜಿ ರಿಜೆಕ್ಟ್." ವಿಜಯನಗರದಲ್ಲಿ ಬಸ್ ಹತ್ತಿ ನಾಗರಬಾವಿ ಕ್ಯಾಂಪಸ್ಸಿಗೆ ಓಡಿದೆ.

ಕಾರಿಡಾರಲ್ಲಿ ನರಪಿಳ್ಳೆ ಇರ್ಲಿಲ್ಲ. ಕೌಂಟರ್ ಹಿಂದೆ ಒಬ್ರು ಗುಮಾಸ್ತರು ಬಗ್ಗಿ ಏನೋ ಬರೀತಾ ಇದ್ರು. ತಲೆ ಎತ್ತಲೇ ಇಲ್ಲ.

"ಗುರುತಿನ ಮಚ್ಚೆ ಎರಡು ಬರೀಬೇಕು. ನೀವು ಒಂದೇ ಬರ್ದಿದೀರ."

"ನಂಗಿರೋದೇ ಒಂದು ಸಾರ್, ಮೊಣಕೈ ಹತ್ರ."

"ಎರಡಿಲ್ದೆ ಅಡ್ಮಿಷನ್ ಆಗಲ್ಲ."

"ದೇವ್ರು ಕೊಟ್ಟಿರೋದೇ ಅಷ್ಟು, ನಾನೇನ್ ಮಾಡ್ಲಿ?"

ಅವರೇ ಬರ್ಕೊಂಡ್ರು. "ಬೆನ್ನಲ್ಲಿ, ಎಡ ಭುಜದ ಕೆಳಗೆ, ಹುಣಸೆಬೀಜದಷ್ಟು. ಸೈನ್ ಮಾಡಿ."

ಸೀಟಿನ ಆಸೆಗೆ ಮಾಡ್ದೆ.

ಮನೇಗೆ ಬಂದು ಇದನ್ನ ಹೇಳಿ ನಕ್ಕೆ. ಹೆಂಡ್ತಿನೂ ನಗ್ತಾನೇ ನನ್ನ ಅಂಗಿ ಎತ್ತಿ ನೋಡಿದ್ಲು. ನಗು ನಿಂತೋಯ್ತು. ಬೆರಳಲ್ಲಿ ಉಜ್ಜಿದ್ಲು. ಆಮೇಲೆ ಸೆರಗು ಒದ್ದೆ ಮಾಡ್ಕೊಂಡು ಉಜ್ಜಿದ್ಲು.

"ಇದೆ ಕಣ್ರೀ. ಹುಣಸೆಬೀಜದಷ್ಟೇ."

"ಇಷ್ಟು ವರ್ಷ ನೀನು ನೋಡೇ ಇಲ್ವಾ?"

"ಬೆಳಗ್ಗೆ ಇದೇ ಬೆನ್ನಿಗೆ ಎಣ್ಣೆ ತಿಕ್ಕಿದೀನಿ. ಆಗ ಇರ್ಲಿಲ್ಲ."

ಸೀಟು ಸಿಕ್ತು. ಅವತ್ತಿಂದ ಯಾವ ಅರ್ಜಿಲೂ ನಾನು ಒಂದು ಜಾಗಾನೂ ಖಾಲಿ ಬಿಡಲ್ಲ. ಮೊನ್ನೆ ಇನ್ಶೂರೆನ್ಸ್ ಫಾರ್ಮಲ್ಲಿ ಕಾಯಿಲೆಗಳ ಬಗ್ಗೆ ಕೇಳಿದ್ರು. ದಪ್ಪಕ್ಷರದಲ್ಲಿ "ಇಲ್ಲ" ಅಂತ ಬರ್ದು, ಯಾರೂ ಏನೂ ಸೇರ್ಸೋಕಾಗ್ದಂಗೆ ಆ ಜಾಗದ ತುಂಬಾ ಗೆರೆ ಎಳೆದು ಕೊಟ್ಟೆ.